ಯಾರದೋ ಸಾವಿಗೆ ಸ್ಟುಡಿಯೋದವರ ಸಾಲು

ಎದುರಿಗಿದ್ದವರು ಮಾತಾಡುತ್ತಿದ್ದರೆ ಸ್ಟುಡಿಯೋದವರ ಎಡಗಣ್ಣು ತಾನಾಗಿ ಅರ್ಧ ಮುಚ್ಚಿಕೊಳ್ಳುತ್ತಿತ್ತು. ಆಯುಷ್ಯವಿಡೀ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿದ್ದರ ಅಭ್ಯಾಸ. ಹೊಸಬರು ಅದನ್ನು ತಾತ್ಸಾರ ಎಂದುಕೊಳ್ಳುತ್ತಿದ್ದರು. ತಲ್ಲೂರಿನಲ್ಲಿ ಅವರ ಸ್ಟುಡಿಯೋ ಪಕ್ಕವೇ ನನ್ನ ಝೆರಾಕ್ಸ್ ಅಂಗಡಿ. ಅವರು ಆ ಕಣ್ಣು ಮುಚ್ಚಿದರೆಂದರೆ ಮಾತು ಪೂರಾ ಒಳಗೆ ಇಳಿಯುತ್ತಿದೆ ಎಂದು ನನಗೆ ಗೊತ್ತಿತ್ತು.

ಎಲ್ಲರ ಕೈಗೂ ಫೋನ್ ಬಂದ ಮೇಲೆ ಸ್ಟುಡಿಯೋಕ್ಕೆ ಉಳಿದದ್ದು ಎರಡೇ ಕೆಲಸ, ಪಾಸ್‌ಪೋರ್ಟ್ ಫೋಟೋ ಮತ್ತು ಸತ್ತವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸುವುದು. ಸತ್ತವರ ಮನೆಯವರು ಮದುವೆಯ ಗುಂಪಿನ ಫೋಟೋವೋ, ಹಳೆಯ ಗುರುತಿನ ಚೀಟಿಯೋ ತಂದು ಕೊಟ್ಟು ಕೂರುತ್ತಿದ್ದರು. ಇವರು ಕೆಲಸ ಮಾಡುತ್ತಲೇ, "ಹೆಂಗ್ ಇದ್ದಿರ್ ಅವ್ರ್? ಹೇಳಿ ಕಾಂಬ" ಅನ್ನುತ್ತಿದ್ದರು. ಕೇಳಿದ್ದನ್ನು ನಾಲ್ಕು ಸಾಲು ಬರೆದು, ಮನೆಯವರ ಒಪ್ಪಿಗೆ ಕೇಳಿ, ಫೋಟೋ ಜೊತೆ ಜಾಲತಾಣದ ತಮ್ಮ ಪುಟದಲ್ಲಿ ಹಾಕುತ್ತಿದ್ದರು. ಅಪರೂಪದ ವ್ಯಕ್ತಿತ್ವ, ತುಂಬಲಾರದ ನಷ್ಟ, ಇಂಥ ಮಾತು ಬಂದರೆ ಅವರೇ ಹೊಡೆದು ಹಾಕುತ್ತಿದ್ದರು. "ಇದ್ ಯಾರಿಗೆ ಬೇಕಾರೂ ಆತ್ತ್. ಯಾರಿಗೆ ಬೇಕಾರೂ ಆಪುದ್ ಅವ್ರಿಗೆ ಆತಿಲ್ಲ" ಎನ್ನುತ್ತಿದ್ದರು. ಟೈಪ್ ಮಾಡಿ ಕಾಗುಣಿತ ತಿದ್ದುವುದು ನನ್ನ ಪಾಲು. ಊರಿನ ಮಾತನ್ನು ತಿದ್ದಲು ಹೋದರೆ ಸಿಡುಕುತ್ತಿದ್ದರು.

ಹೆಂಡತಿ ತೀರಿಕೊಂಡಾಗ ಸುಮಾರು ದಿನ ಏನೂ ಬರೆಯಲಿಲ್ಲ. ಆಮೇಲೆ ಬರೆದದ್ದು ಇಷ್ಟೇ: "ನನ್ನ ಕಣ್ಣಿಗೆ ಪೊರೆ ಬಂದ ಮೇಲೆ ಬಂಗ್ಡೆ ಮೀನಿನ ಮುಳ್ಳನ್ನು ಅವಳೇ ಬಿಡಿಸಿ ಬಟ್ಟಲಿನ ಅಂಚಿಗೆ ಒತ್ತಿ ಇಡುತ್ತಿದ್ದಳು. ಈಗ ನಾನು ಮೀನು ತಿನ್ನುವುದು ಬಿಟ್ಟಿದ್ದೇನೆ." ಅದನ್ನು ಒಂದಕ್ಷರವೂ ತಿದ್ದದೆ ಟೈಪ್ ಮಾಡಿದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅವರು ಫೋನ್ ಹಿಡಿದು ನನ್ನ ಅಂಗಡಿಗೆ ಬಂದರು. "ಇದನ್ನ ಓದ್ ಕಾಂಬ" ಎಂದರು. ಸಾಲಿಗ್ರಾಮದ ಕಡೆಯ ಒಂದು ಮನೆಯಲ್ಲಿ ತಾಯಿ ತೀರಿಕೊಂಡಿದ್ದರು. ತಲೆಮಾರುಗಳಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆ. ಮಗ ಅದೇ ಜಾಲತಾಣದಲ್ಲಿ ಸಾವಿನ ಸುದ್ದಿ ಹಾಕಿದ್ದ. ಮೊದಲರ್ಧ ಓಂಕಾರ, ಸದ್ಗತಿ ಎಲ್ಲ ಇತ್ತು. ನಡುವೆ ಹೀಗಿತ್ತು: "ಮೀನಿನ ಮುಳ್ಳನ್ನು ಬಿಡಿಸಿ ಬಟ್ಟಲಿನ ಅಂಚಿಗೆ ಒತ್ತಿ ಇಡುತ್ತಿದ್ದ ಆ ಮಮತೆಯ ಬೆರಳುಗಳು ಇಂದು ಮೌನವಾಗಿವೆ." ಕೆಳಗೆ ನಗುವ ಮುಖಗಳ ಸಾಲು. "ಭಟ್ರ ಮನೆಯಲ್ಲಿ ಯಾವ ಮೀನು?" ಎಂದು ಒಬ್ಬ ಕೇಳಿದ್ದ. ಮಗ ಅದನ್ನು ಅಳಿಸುವಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಂಡವರು ವಾಟ್ಸಾಪ್ ಗುಂಪು ಗುಂಪಿಗೆ ಹಂಚಿ ಆಗಿತ್ತು.

"ಅಂವ ನನ್ನದ್ ಕಾಣ್ತಾ ಬರ್ದದ್ದಾ?" ಎಂದು ಕೇಳಿದರು.

ಅದು ಮಗ ಬರೆದದ್ದೇ ಅಲ್ಲ ಎಂದು ನನಗೆ ಅನುಮಾನ ಬಂತು. ಆ ಜಾಲತಾಣದಲ್ಲಿ ಈಗೀಗ ಒಂದು ಗುಂಡಿ ಬಂದಿದೆ. ಒತ್ತಿ ಸತ್ತವರ ಹೆಸರು, ವಯಸ್ಸು ಕೊಟ್ಟರೆ ಎಐ ಯಂತ್ರವೇ ಬರೆದು ಕೊಡುತ್ತದೆ. ಅದಕ್ಕೆ ಬರೆಯಲು ಕಲಿಸಿದ್ದು ಹೇಗೆ ಎಂದು ನಿಯಮಗಳನ್ನು ತೆಗೆದು ಓದಿದೆ. ಜನ ಸಾರ್ವಜನಿಕವಾಗಿ ಹಾಕಿದ ಬರಹ, ಚಿತ್ರಗಳನ್ನು ತಮ್ಮ ಯಂತ್ರದ ತರಬೇತಿಗೆ ಬಳಸುತ್ತೇವೆ ಎಂದು ಸವಿಯಾದ ಮಾತಿನಲ್ಲಿ ಹೇಳಿಕೊಂಡಿದ್ದರು. ಓದಿ ಹೇಳಿದೆ.

"ನಮ್ಮನ್ನ ಕೇಂಡಿರಾ?"

"ಇಲ್ಲ."

"ಬ್ಯಾಡ ಅಂಬುಕೆ ಎಲ್ಲಿತ್ತ್?"

ಬೇಡ ಎನ್ನುವ ಜಾಗ ಹುಡುಕಿದೆ. ನನಗೆ ಸಿಕ್ಕಲಿಲ್ಲ.

ಅವರು ಹೊರಗೆ ಹೋಗಿ ಚರಂಡಿಯ ಹತ್ತಿರ ಬಗ್ಗಿದರು. ಬೆಳಗಿನ ಚಾ ಪೂರಾ ಹೊರಗೆ ಬಂತು. ಬಾಯಿ ಒರೆಸಿಕೊಂಡು, "ನನ್ನ ಹೆಂಡ್ತಿ ಕೈಯನ್ನ ಅದ್ ತಿಂದ್, ಆ ಹೆಂಗ್ಸಿನ ಮೈಮೇಲೆ ಕಾರಿತ್ತ್" ಎಂದರು. ನನಗೆ ಇವತ್ತಿಗೂ ಆ ಯಂತ್ರದ ಸುದ್ದಿ ಬಂದರೆ ಅದೇ ವಾಸನೆ ಮೂಗಿಗೆ ಬರುತ್ತದೆ.

ಅದೇ ದಿನ ಸಾಲಿಗ್ರಾಮಕ್ಕೆ ಹೊರಟರು, ಜೊತೆಗೆ ನಾನೂ ಹೋದೆ. ಮಗ ನಮ್ಮನ್ನು ಅಂಗಳದಲ್ಲೇ ತಡೆದ. ನಗಾಡಲು ಬಂದವರು ಎಂದುಕೊಂಡಿದ್ದ.

"ಓದದೇ ಹಾಕಿದ್ದು ನನ್ನ ತಪ್ಪೇ. ಇನ್ನೇನು ಬೇಕು ನಿಮಗೆ?" ಎಂದ. ಕಣ್ಣು ಕೆಂಪಾಗಿತ್ತು.

"ಆ ಸಾಲ್ ನಂದ್. ನನ್ನ ಹೆಂಡ್ತಿದ್" ಎಂದರು ಸ್ಟುಡಿಯೋದವರು. "ನಿಮ್ಮ ಅಮ್ಮನ ಮರ್ಯಾದಿ ಹೋದದ್ದ್ ಅದ್ರಿಂದ. ಹಾಂಗಾಯಿ ಬಂದೆ."

ಮಗ ದಾರಿ ಬಿಟ್ಟ. ಒಳಗೆ ತೀರಿಕೊಂಡವರ ಗಂಡ ಗೋಡೆಗೆ ಒರಗಿ ಕೂತಿದ್ದರು. ಇವರು ಅವರೆದುರು ನೆಲದ ಮೇಲೆ ಕೂತು, "ಹೆಂಗ್ ಇದ್ದಿರ್ ಅವ್ರ್?" ಎಂದು ಕೇಳಿದರು. ಮುದುಕರು ಹೇಳತೊಡಗಿದರು. ಹೆಂಡತಿಗೆ ಕಿವಿ ಮಂದವಂತೆ, ಪೂಜೆಯ ಗಂಟೆ ಕೇಳಿಸುತ್ತಿರಲಿಲ್ಲವಂತೆ. ಆದರೂ ಮಂಗಳಾರತಿ ಮುಗಿಸಿ ತಾವು ಮನೆಗೆ ತಿರುಗುವ ಹೊತ್ತಿಗೆ ಬಾಗಿಲಲ್ಲಿ ಕಾಲಿಗೆ ನೀರು ಹಿಡಿದು ನಿಂತಿರುತ್ತಿದ್ದರಂತೆ. "ಹೇಗೆ ಗೊತ್ತಾಗುತ್ತಿತ್ತೋ, ನಾನು ಕೇಳಲೇ ಇಲ್ಲ" ಎಂದು ಅತ್ತರು. ಎಡಗಣ್ಣು ಅರ್ಧ ಮುಚ್ಚಿ ಕೂತ ಸ್ಟುಡಿಯೋದವರು ಅದನ್ನು ಎಲ್ಲಿಯೂ ಬರೆಯಲಿಲ್ಲ.

ಮರುದಿನ ತಮ್ಮ ಪುಟದಲ್ಲಿದ್ದದ್ದನ್ನೆಲ್ಲ ನನ್ನ ಕೈಯಿಂದ ಅಳಿಸಿ ಹಾಕಿಸಿದರು. ಅಳಿಸಿದರೂ ಯಂತ್ರ ಒಮ್ಮೆ ಕಲಿತದ್ದು ಅಲ್ಲಿಂದ ಹೋಗುವುದಿಲ್ಲ ಎಂದೆ. "ಹೊಸತ್ ತಿಂಬುಕಾರೂ ಸಿಕ್ಕುದ್ ಬ್ಯಾಡ" ಎಂದರು.

ಅದಕ್ಕೂ ಬೆಲೆ ಇತ್ತು. ಗಂಗೊಳ್ಳಿಯಿಂದ ಮೀನು ಮಾರುವ ಹೆಂಗಸೊಬ್ಬರು ಬಂದು ಸ್ಟುಡಿಯೋ ಬಾಗಿಲಲ್ಲೇ ಜೋರು ಮಾಡಿದರು. ಅವರ ಗಂಡ ದೋಣಿ ಮಗುಚಿ ಹೋದವರು. "ದಿನಾ ಮಗನ ಕೈಯಂಗೆ ಓದ್ಸ್ಕಂತಿದ್ದೆ. ನನ್ನ ಗಂಡನ್ನ ಎಂತಕ್ ಅಳ್ಸಿದ್ರಿ? ಅವ್ರ್ ನಿಮ್ಗ್ ಎಂತ ಮಾಡಿದ್ರ್?" ಸ್ಟುಡಿಯೋದವರ ಮುಖ ಸಣ್ಣದಾಯಿತು. "ನಂಗ್ ಅದ್ ಹೊಳೀಲೇ ಇಲ್ಲ" ಎಂದು ಒಪ್ಪಿಕೊಂಡು ಅವರನ್ನು ಕೂರಿಸಿದರು. ಅವರ ಗಂಡನ ಬಗ್ಗೆ ಬರೆದದ್ದನ್ನು ನೆನಪಿನಿಂದ ಹೇಳಿದರು. ತಪ್ಪಿದಲ್ಲಿ ಆ ಹೆಂಗಸೇ ತಿದ್ದಿದರು. ಹೋಗುವಾಗ ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟೆ. ಆಮೇಲೆ ಕೇಳಿ ಬಂದವರಿಗೆಲ್ಲ ಹಾಗೇ ಮಾಡಿದೆವು. ಹೊಸ ಸಾವಾದರೆ ಹನ್ನೆರಡನೇ ದಿನ ಆ ಮನೆಗೆ ಹೋಗಿ, ಊಟಕ್ಕೆ ಮೊದಲು ಎದ್ದು ನಿಂತು ಬಾಯಲ್ಲೇ ಹೇಳಿ ಬರುತ್ತಿದ್ದರು. ಯಾರಾದರೂ ಫೋನ್ ಎತ್ತಿದರೆ ಅದು ಕೆಳಗಿಳಿಯುವ ತನಕ ಮಾತು ನಿಲ್ಲಿಸುತ್ತಿದ್ದರು. ನನ್ನ ಅಪ್ಪ ಹೋದಾಗಲೂ ಹೇಳಿದರು. ಸಾಲ ಕೇಳಿ ಬಂದವರಿಗೆ ಇಲ್ಲ ಎಂದು, ಆಮೇಲೆ ದುಡ್ಡು ಹಿಡಿದು ಅವರ ಹಿಂದೆಯೇ ಓಡುತ್ತಿದ್ದ ಅಪ್ಪನನ್ನು ನಾನು ಗುರುತು ಹಿಡಿದದ್ದೇ ಆವತ್ತು.

ಈ ಮಳೆಗಾಲದಲ್ಲಿ ಅವರು ಹೋದರು. ಎದೆನೋವು ಎಂದು ಆಸ್ಪತ್ರೆಗೆ ಸೇರಿದವರು ತಿರುಗಿ ಬರಲಿಲ್ಲ. ಹನ್ನೆರಡನೇ ದಿನ ಹೆಮ್ಮಾಡಿಯ ಅವರ ಮನೆಯಲ್ಲಿ ಎಲೆ ಹಾಕುವ ಮುಂಚೆ ಎಲ್ಲರೂ ಸುಮ್ಮನೆ ಕೂತಿದ್ದರು. ಹೇಳುವವರೇ ಹೋಗಿದ್ದರಲ್ಲ. ಸಂಬಂಧಿಕರೊಬ್ಬರು ಫೋನ್ ತೆಗೆದು, ಇದು ಚಂದ ಬರೆದು ಕೊಟ್ಟಿದೆ, ಓದಲೇ ಎಂದರು. ಹಸನ್ಮುಖಿ, ಸರ್ವಜನಪ್ರಿಯ ಎಂದು ಎರಡು ಶಬ್ದ ಓದಿಯೂ ಬಿಟ್ಟರು. "ಅದನ್ನು ಒಳಗಿಡಿ" ಎಂದು ಎದ್ದು ನಿಂತೆ. ಅಷ್ಟು ಜನರ ಎದುರು ನಾನು ಯಾವತ್ತೂ ಮಾತಾಡಿದವಳಲ್ಲ.

"ಅವರು ಸಿಡುಕರು" ಎಂದು ಶುರು ಮಾಡಿದೆ.

ಮೂಲೆಯಲ್ಲಿ ಕೂತಿದ್ದ ಅವರ ಮಗಳು ತಲೆ ಎತ್ತಿದಳು. "ಹೌದ್" ಎಂದಳು. "ಹೇಳಿ."