ಕೇಳಿದರೂ ಕೊಡಬಾರದ ಸ್ಕ್ರೂಡ್ರೈವರ್

ನರಸೀಪುರದ ಆ ಮೆಕ್ಯಾನಿಕ್ ಗಿಡ್ಡಗಿದ್ದರೋ ಎತ್ತರವಿದ್ದರೋ, ನೆನಪು ಒಂದೊಂದು ದಿನ ಒಂದೊಂದು ಹೇಳುತ್ತದೆ. ನನ್ನ ಬೈಕು ನಿಂತಲ್ಲೇ ನಡುಗುತ್ತಿತ್ತು, ರಸ್ತೆಯ ಹಂಪಿನಲ್ಲಿ ನಿಧಾನಿಸಿದರೆ ಆಫಾಗುತ್ತಿತ್ತು. ಒಮ್ಮೆ ಬಸ್ಸಿನ ಮುಂದೆಯೇ ನಿಂತುಬಿಟ್ಟ ಮೇಲೆ ಅಮ್ಮ ಹಿಂದೆ ಕೂರಲು ಒಪ್ಪಲಿಲ್ಲ. ನಂಜನಗೂಡಿನಲ್ಲಿ ಅವಳ ಮೊಣಕಾಲಿಗೆ ನಡೆಯುತ್ತಿದ್ದ ಚಿಕಿತ್ಸೆಯೂ ಅಲ್ಲಿಗೇ ನಿಂತಿತು.

ಬೈಕನ್ನು ಆ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಅದನ್ನು ಮುಟ್ಟುವ ಮೊದಲು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ನನಗೆ ಕೊಟ್ಟರು.

“ಇಡ್ಕಳಿ ಸಾ. ಕೇಳುದ್ರೂ ಕೊಡ್ಬ್ಯಾಡಿ.”

“ಯಾಕೆ?”

“ಕಾರ್ಬುರೇಟರ್ ಕಾಲ್ದ ಕೈ ಇದು. ಗಾಡಿ ನಡುಗ್ತು ಅಂದ್ರೆ ಸ್ಕ್ರೂ ತಿರುಗ್ಸಕ್ ಓಯ್ತದೆ. ನಿಮ್ದು ಇಂಜೆಕ್ಷನ್ ಗಾಡಿ, ಪೆಟ್ರೋಲ್ ಲೆಕ್ಕ ಕಂಪ್ಯೂಟ್ರೇ ನೋಡ್ಕತದೆ. ಇಂಥದ್ರಲ್ಲೂ ಅಂಗೇ ಮಾಡಿ ಒಂದ ಕೆಡ್ಸಿವ್ನಿ.”

ಕೆಲಸದ ನಡುವೆ ಎರಡು ಸಲವೋ ಮೂರು ಸಲವೋ ಅದಕ್ಕಾಗಿ ಕೈ ಚಾಚಿದರು. “ಕೊಡಲ್ಲ” ಎಂದೆ.

“ಕೊಡ್ಬ್ಯಾಡಿ, ಕೊಡ್ಬ್ಯಾಡಿ,” ಎಂದು ನಕ್ಕು, ಇಂಜಿನ್ನಿಗೆ ಗಾಳಿ ಸಾಗಿಸುವ ರಬ್ಬರ್ ಕೊಳವೆಯ ಸುತ್ತ ಸ್ಪ್ರೇ ಹೊಡೆದರು. ಒಂದು ಕಡೆ ಹೊಡೆದಾಗ ಇಂಜಿನ್ನಿನ ಸದ್ದು ಬದಲಾಯಿತು. ಸ್ಪ್ರೇಯನ್ನು ಒಳಕ್ಕೆ ಎಳೆದುಕೊಂಡ ಬಿರುಕು ಅಲ್ಲಿತ್ತು. ಹೊಸ ಕೊಳವೆ ಹಾಕಿದ ಮೇಲೆ ನಡುಕ ನಿಂತಿತು.

ಮುಂದಿನ ವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡೇ ಸ್ಕ್ರೂಡ್ರೈವರ್ ಹಿಂತಿರುಗಿಸಲು ಹೋದೆ. ಅವರು ಅಮ್ಮನನ್ನು ನೋಡಿದರು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನಿಮ್ತಾವೇ ಇರ್ಲಿ ಸಾ. ಇನ್ನೂ ನಾಕ್ ಗಾಡಿ ಕೆಡ್ದಂಗೆ ಉಳ್ಕತವೆ.”