ಕೆಂಡಣ್ಣನ ಮಾಸ್ಕಿನ ಬಗ್ಗೆ ಸಾಕ್ಷಿ

ಕೆಂಡಣ್ಣ, ವಯಸ್ಸು ಐವತ್ತಮೂರು, ಅಗ್ನಿಶಾಮಕ ಠಾಣೆಯ ಹಿರಿಯ ಆಳು. ಮನೆಯಲ್ಲಿ ಹೆಂಡತಿ, ಫಿಸಿಯೋಥೆರಪಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಒಬ್ಬಳೇ ಮಗಳು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಠಾಣೆಗೂ ಬೀದಿಗೂ ಆತ ಕೆಂಡಣ್ಣ. ಹೆಂಡತಿ ಮಾತ್ರ, ಕಟ್ಟಿಕೊಂಡವನನ್ನು ಅಣ್ಣ ಎನ್ನಲಾಗದೆಂದು, ಬರಿಯ ‘ಕೆಂಡ’ ಎನ್ನುತ್ತಿದ್ದಳು.

ಬೆಂಕಿ ಆರಿಸುವುದು ಜನ ನಿಂತು ನೋಡುವ ಕೆಲಸ. ಆರಿದ ಮೇಲಿನ ಕೆಲಸವನ್ನು ಯಾರೂ ನೋಡುವುದಿಲ್ಲ. ಗೋಡೆಯ ಹಲಗೆ ಕೀಳಬೇಕು, ತೊಯ್ದ ಹಾಸಿಗೆ ಮಗುಚಬೇಕು, ಸೂರಿನ ಸಂದಿಯಲ್ಲಿ ಅಡಗಿ ಕೂತ ಕೆಂಡವನ್ನು ಹುಡುಕಿ ತೆಗೆಯಬೇಕು. ಒಂದು ಉಳಿದರೂ ಮನೆ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಹುಡುಕಾಟ ಕಣ್ಣಿನದಲ್ಲ, ಮೂಗಿನದು. ಮಾಸ್ಕ್ ತೊಟ್ಟ ಮೂಗಿಗೆ ಏನೂ ತಿಳಿಯದು. ಹೀಗಾಗಿ ಜ್ವಾಲೆ ಇಳಿದೊಡನೆ ಮಾಸ್ಕನ್ನು ಕೊರಳಿಗೆ ಇಳಿಸುವುದು ಆ ಠಾಣೆಯ ರೂಢಿಯಾಗಿತ್ತು. ಕಟ್ಟಡದಿಂದ ಹೊರಬರುವ ತನಕ ಮಾಸ್ಕ್ ಮುಖದ ಮೇಲಿರಬೇಕೆಂಬುದು ನಿಯಮ. ನಿಯಮವನ್ನು ಗೋಡೆಗೆ ಅಂಟಿಸಿದ್ದರು.

ಈ ಕೆಲಸದಲ್ಲಿ ಕೆಂಡಣ್ಣನಿಗೆ ಸಾಟಿ ಇರಲಿಲ್ಲ. ಆತ ಸುಟ್ಟ ಕೋಣೆಯ ನಡುವೆ ಮಂಡಿಯೂರಿ, ತಲೆಯನ್ನು ನಿಧಾನವಾಗಿ ತಿರುಗಿಸಿ, “ಬಾಗಿಲ ಚೌಕಟ್ಟಿನ ಹಿಂದೆ, ಹತ್ತಿ” ಎನ್ನುತ್ತಿದ್ದ. ಚೌಕಟ್ಟು ಕಿತ್ತರೆ ಅಲ್ಲಿ ಹತ್ತಿ ಹೊಗೆಯಾಡುತ್ತಿತ್ತು. ಇದು ಹೊಗಳಿಕೆಯಲ್ಲ, ಕೆಲಸದ ವಿವರ. ಇಪ್ಪತ್ತು ವರ್ಷಕ್ಕೂ ಮೀರಿ ಆ ಹೊಗೆಯನ್ನು ಕುಡಿದದ್ದೂ ಅದೇ ವಿವರದ ಭಾಗ. ಮೊದಲು ಕೆಮ್ಮು ಬಂತು, ಆಮೇಲೆ ಶ್ವಾಸಕೋಶದ ಕ್ಯಾನ್ಸರ್. ಕೆಂಡಣ್ಣ ಆಸ್ಪತ್ರೆಯ ಹಾಸಿಗೆಯಲ್ಲಿ ಸತ್ತ, ಬೆಂಕಿಯಲ್ಲಲ್ಲ. ಮುಂದಿನ ತೊಡಕಿಗೆ ಅದೇ ಕಾರಣವಾಯಿತು.

ಕರ್ತವ್ಯದಿಂದ ಬಂದ ಕಾಯಿಲೆಯಲ್ಲಿ ಸತ್ತವನ ಹೆಂಡತಿಗೆ ಬದುಕಿರುವ ತನಕ ಚಿಕಿತ್ಸೆ, ಮಕ್ಕಳಿಗೆ ಓದು ಮುಗಿಯುವ ತನಕ ಶುಲ್ಕ ಸಿಗುತ್ತದೆ. ಬೇರೆ ಕಾಯಿಲೆಯಾದರೆ ಎರಡೂ ಇಲ್ಲ. ಹೆಂಡತಿಯ ಮೂತ್ರಪಿಂಡಗಳು ಸೋತು ಆಗಲೇ ಹಲವು ವರ್ಷಗಳಾಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಗಂಡನ ನೌಕರಿಯಿಂದ ಸಿಗುತ್ತಿದ್ದ ಸೌಲಭ್ಯ ನಿಂತರೆ ಆಕೆಯೂ ಹೆಚ್ಚು ದಿನ ಉಳಿಯುವಂತಿರಲಿಲ್ಲ.

ವಿಚಾರಣಾ ಸಮಿತಿ ಠಾಣೆಯವರನ್ನು ಕರೆಸಿತು. ಸತ್ತವನ ಮೇಲೆ ಮೇಲಿನವರ ಮುಂದೆ ಚಾಡಿ ಹೇಳಬಾರದೆಂಬುದು ಅಗ್ನಿಶಾಮಕರ ಕಟ್ಟಳೆ. ಒಬ್ಬರ ಹಿಂದೆ ಒಬ್ಬರು ಹೋಗಿ, ಕೆಂಡಣ್ಣ ನಿಯಮ ಮೀರಿದ್ದನ್ನು ಕಂಡೇ ಇಲ್ಲವೆಂದರು. ಪಂಪ್ ಗಾಡಿಯ ಡ್ರೈವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: “ಊಟಕ್ಕೆ ಕೂತಾಗ ಮಾತ್ರ ಮಾಸ್ಕ್ ತೆಗೀತಿದ್ರು ಸಾರ್.”

ಅದೇ ಸಂಜೆ ಆತ ಎದೆ ಸೆಟೆಸಿಕೊಂಡು ಕೆಂಡಣ್ಣನ ಮನೆಗೆ ಬಂದ. “ಅತ್ತಿಗೆ, ಅಣ್ಣನ ಹೆಸರಿಗೆ ಒಂದು ಚುಕ್ಕೆ ಬೀಳದ ಹಾಗೆ ಹೇಳಿ ಬಂದಿದ್ದೀನಿ.”

ಸಮಿತಿಯ ವೈದ್ಯರು ಆ ಮಾತನ್ನೇ ಹಿಡಿದರು. ಮಾಸ್ಕ್ ಸದಾ ಮುಖದ ಮೇಲಿದ್ದರೆ ಹೊಗೆ ಒಳಗೆ ಹೋಗಲು ದಾರಿಯೇ ಇಲ್ಲ. ಆದ್ದರಿಂದ ಕಾಯಿಲೆ ಕರ್ತವ್ಯದಿಂದ ಬಂದದ್ದಲ್ಲ. ಹೆಂಡತಿಯ ಅರ್ಜಿ ತಿರಸ್ಕೃತವಾಗುವುದರಲ್ಲಿತ್ತು. ಅದಕ್ಕೂ ಮೊದಲು ಆಕ್ಷೇಪಣೆಗೆ ಒಂದು ಅವಕಾಶವಿತ್ತು.

ಹೆಂಡತಿ ಡಯಾಲಿಸಿಸ್ ಮುಗಿಸಿ, ತೋಳಿನ ಪಟ್ಟಿ ಬಿಚ್ಚದೆ, ನೇರವಾಗಿ ಠಾಣೆಗೆ ಹೋದಳು. ಒಣಗಲು ತೂಗುಹಾಕಿದ ನೀರಿನ ಮೆದುಗೊಳವೆಗಳ ಕೆಳಗೆ, ಬೆಂಚಿನ ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದರು.

“ಬದುಕಿದ್ದಾಗ ಹಠಮಾರಿ, ಮೊಂಡ ಅಂತಿದ್ರಿ,” ಎಂದಳು. “ಸತ್ತ ಮೇಲೆ ದೇವರು ಮಾಡಿಬಿಟ್ರಿ. ಹೊಗಳಿಕೆ ತಗೊಂಡು ಹೋದ್ರೆ ಔಷಧಿ ಅಂಗಡಿಯವನು ಏನ್ ಕೊಡ್ತಾನೆ?”

ಡ್ರೈವರ್ ಲೋಟ ಕೆಳಗಿಟ್ಟ. “ಅತ್ತಿಗೆ, ಮಾಸ್ಕ್ ಹಾಕ್ತಿರಲಿಲ್ಲ ಅಂದ್ರೆ ತಪ್ಪು ಅವರದೇ ಅಂತಾರೆ. ಆಗ್ಲೂ ಕೊಡಲ್ಲ.”

“ಅವರೊಬ್ಬರೇ ಹಾಕ್ತಿರಲಿಲ್ವಾ?”

ಆಕೆ ಡ್ರೈವರ್ ಕಡೆ ತಿರುಗಿದಳು.

“ಹೇಳಪ್ಪಾ ಮೈದುನ. ನೀನು ಹಾಕ್ತಿದ್ಯಾ?”

“ಮೂಗು ಮುಚ್ಕೊಂಡು ಕೆಂಡ ಹುಡುಕಕ್ಕಾಗತ್ತಾ?”

“ಅದನ್ನೇ ಅಲ್ಲಿ ಹೋಗಿ ಹೇಳು.”

ಠಾಣಾಧಿಕಾರಿ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. “ಹೇಳಿದ್ರೆ ನಮ್ಮೆಲ್ಲರ ಕುತ್ತಿಗೆಗೆ ಬರತ್ತಮ್ಮಾ. ನಂಗೆ ಮುಂದಿನ ವರ್ಷ ಬಡ್ತಿ ಇದೆ.”

“ನಂಗೆ ಗುರುವಾರ ಡಯಾಲಿಸಿಸ್ ಇದೆ,” ಎಂದು ಆಕೆ ಹೊರಟುಹೋದಳು. ಅಳಲಿಲ್ಲ, ಕೈಮುಗಿಯಲಿಲ್ಲ. ಮುಗಿದಿದ್ದರೆ ಅವರು ಸಮಾಧಾನ ಹೇಳಿ ಕಳಿಸುತ್ತಿದ್ದರು.

ಎರಡನೆಯ ವಿಚಾರಣೆ ಉದ್ದನೆಯ ಮೇಜಿನ, ಕಿಟಕಿಯಿಲ್ಲದ ಕೋಣೆಯಲ್ಲಿ ನಡೆಯಿತು. ಹೆಂಡತಿ, ಮಗಳು ಗೋಡೆಯ ಪಕ್ಕ ಕುಳಿತಿದ್ದರು. ಡ್ರೈವರ್ ಎದ್ದು, ಮೊದಲು ಹೇಳಿದ್ದು ಸುಳ್ಳೆಂದ.

“ಯಾಕೆ ಹೇಳಿದ್ರಿ?” ವೈದ್ಯರು ಕೇಳಿದರು.

“ಸತ್ತೋರ ಮರ್ಯಾದೆ ಸಾರ್.”

“ಈಗ ಮರ್ಯಾದೆ ಬೇಡವಾ?”

“ಅವರದು ಹಾಗೇ ಇರತ್ತೆ. ಈಗ ಹೋಗೋದು ನಮ್ಮದು.” ಬೆಂಕಿ ಇಳಿದ ಮೇಲೆ ಠಾಣೆಯಲ್ಲಿ ಒಬ್ಬರೂ ಮಾಸ್ಕ್ ತೊಡುವುದಿಲ್ಲ, ತಾನೂ ತೊಟ್ಟಿಲ್ಲ ಎಂದು ಹೇಳಿ ಕುಳಿತ.

“ಇದು ನಿಮ್ಮ ಅಧಿಕಾರಿಗೆ ಗೊತ್ತಿತ್ತಾ?”

ಡ್ರೈವರ್ ಪಕ್ಕದಲ್ಲಿ ಕುಳಿತಿದ್ದ ಠಾಣಾಧಿಕಾರಿಯತ್ತ ತಿರುಗಿದ. ಆ ಪ್ರಶ್ನೆಯ ಮೇಲೆಯೇ ಎಲ್ಲವೂ ನಿಂತಿತ್ತು: ಅಧಿಕಾರಿಗೆ ಗೊತ್ತಿಲ್ಲದಿದ್ದರೆ ಅದು ಕೆಂಡಣ್ಣನ ಅವಿಧೇಯತೆ, ಗೊತ್ತಿದ್ದರೆ ಕೆಲಸದ ಕ್ರಮ. ಠಾಣಾಧಿಕಾರಿ ಸ್ವಲ್ಪ ತಡವಾಗಿಯೇ ಎದ್ದ. “ಗೊತ್ತಿತ್ತು. ತಡೀಲಿಲ್ಲ. ಒಂದೇ ಮನೆಗೆ ಎರಡು ಸಲ ಹೋಗೋದು ತಪ್ಪುತ್ತಲ್ಲಾ ಅಂತ ನಾನೇ ‘ಕೆಂಡಣ್ಣನ್ನ ಕರೀರಿ’ ಅಂತಿದ್ದೆ.”

ಚಿಕಿತ್ಸೆಯೂ ಶುಲ್ಕವೂ ಮಂಜೂರಾದವು. ಠಾಣಾಧಿಕಾರಿಯ ಬಡ್ತಿ ನಿಂತಿತು. ಉಳಿದವರಿಗೆಲ್ಲ ಎಚ್ಚರಿಕೆ ಪತ್ರ ಬಂತು. ಇದರಿಂದ ಯಾರೂ ದೊಡ್ಡವರಾಗಲಿಲ್ಲ. ಮೊದಲ ದಿನವೇ ಹೇಳಬೇಕಿದ್ದದ್ದನ್ನು ಎರಡನೆಯ ಸಲ ಹೇಳಿದರು, ಅಷ್ಟೇ. ಈಗ ಅಲ್ಲಿ ಕೊನೆಯ ತನಕ ಮಾಸ್ಕ್ ತೊಡುತ್ತಾರೆ. ಆ ವರ್ಷ ಒಂದು ಪೀಠೋಪಕರಣದ ಗೋದಾಮಿಗೆ ಎರಡು ಸಲ ಹೋಗಬೇಕಾಯಿತು.

ಕೆಂಡಣ್ಣ ಬಿಟ್ಟುಹೋದದ್ದು: ಚಿಕಿತ್ಸೆ ತಪ್ಪದ ಹೆಂಡತಿ, ಓದು ಮುಗಿಸಲಿರುವ ಮಗಳು, ಇಸ್ತ್ರಿ ಮಾಡಿಟ್ಟ ಎರಡು ಸಮವಸ್ತ್ರ, ಹಿಡಿ ಸವೆದ ಕೊಡಲಿ (ಅದನ್ನು ಠಾಣೆ ವಾಪಸು ಪಡೆಯಿತು), ಚೈನು ಕಳಚುವ ಸೈಕಲ್, ಅಡುಗೆಮನೆಯಲ್ಲಿ ಅರ್ಧ ಬಣ್ಣ ಬಳಿದ ಒಂದು ಗೋಡೆ.