ಮಸುಕು ಫೋಟೋದೊಳಗಿನ ಬಿಳಿ ಬಾಲ

ಚಂದಾಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಅಳುವ ಕೂಸು, ಕಣ್ಣು ಪಿಳುಕಿಸುವ ಮುದುಕ, ಹುಳುಕು ಹಲ್ಲು ಕಾಣಬಾರದೆಂದು ತುಟಿ ಬಿಗಿದ ಮದುಮಗ, ಯಾರನ್ನು ಕೂರಿಸಿದರೂ ಫೋಟೋ ಸ್ಪಷ್ಟವಾಗೇ ಬರುತ್ತದೆ. ಅಂಥವನು ಕಳೆದ ಚಳಿಗಾಲ ಒಂದು ಹಕ್ಕಿಯ ಫೋಟೋ ತೆಗೆದು ಕಂಡಕಂಡವರ ಬಾಯಿಗೆ ಸಿಕ್ಕೆ.

ಆ ಭಾನುವಾರ ನಾನು, ಹೆಂಡತಿ ಬುತ್ತಿ ಕಟ್ಟಿಕೊಂಡು ಚಂದ್ರಂಪಳ್ಳಿ ಕೆರೆಗೆ ಹೋಗಿದ್ದೆವು. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚುತ್ತಿದ್ದಾಗ ತಲೆಯ ಮೇಲೇ ಏನೋ ಬೆಳ್ಳಗೆ ಹಾರಿ ಗಿಡದೊಳಗೆ ಹೊಕ್ಕಿತು. ಹಿಂಡಿ ಮೆತ್ತಿದ ಕೈಯಲ್ಲೇ ಕ್ಯಾಮೆರಾ ಎತ್ತಿ ಒಮ್ಮೆ ಗುಂಡಿ ಒತ್ತಿದೆ. ಮನೆಗೆ ಬಂದು ನೋಡಿದರೆ ಎಲೆಗಳ ನಡುವೆ ಒಂದು ಕರಿ ಚುಕ್ಕೆ, ಅದರ ಹಿಂದೆ ಉದ್ದನೆಯ ಬಿಳಿ ಗೀರು. ಅಷ್ಟೇ.

"ಇದು ಹಕ್ಕಿ ಅಲ್ರಿ," ಅಂದಳು ಹೆಂಡತಿ. "ಯಾರದೋ ಪೈಜಾಮದ ಲಾಡಿ ಗಾಳಿಗೆ ಹಾರ್ಯಾದ."

ನನಗೆ ಸಿಟ್ಟು ಬಂತು. ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ, ಯಾವ ಹಕ್ಕಿ ಹೇಳ್ರಿ ಎಂದೆ. ಸೇಡಂನಲ್ಲಿರುವ ಅವಳ ತಮ್ಮ ಕೂಡಲೇ ಫೋನ್ ಮಾಡಿದ. ಅವನ ಅರ್ಧ ಮಾತು ತೆಲುಗು.

"ಮಾಮಾ, ಇದು ಪಾಲಪಿಟ್ಟ. ದಸರಾದಾಗ ಕಂಡ್ರ ಭಾಳ ಶುಭ."

"ಪಾಲಪಿಟ್ಟ ಅಂದ್ರ ನಮ್ಮ ನೀಲಕಂಠ, ಅದು ನೀಲಿ ಇರ್ತದ. ಇದರಾಗ ನೀಲಿ ಎಲ್ಲದ?"

"ಅದು ನಿಮ್ಮ ಕ್ಯಾಮೆರಾದ ತಪ್ಪು."

ಮರುದಿನ ಸ್ಟುಡಿಯೋಕ್ಕೆ ಬಂದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಮೊಬೈಲನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಾವು ಹಿಡಿದ ಕೊಕ್ಕರೆ," ಎಂದು ತೀರ್ಪು ಕೊಟ್ಟರು. ನೆಟ್ಟಗೆ ಹಿಡಿಯಿರಿ ಸರ್ ಎಂದೆ. ನೆಟ್ಟಗೆ ಹಿಡಿದಾಗ ಹಾವೇ ಕೊಕ್ಕರೆಯನ್ನು ಹಿಡಿದಂತೆ ಕಾಣುತ್ತದೆ ಎಂದರು.

ಮುಂದಿನ ಭಾನುವಾರ ಮತ್ತೆ ಹೊರಟೆವು. ಸೇಡಂನಿಂದ ಭಾವಮೈದುನನೂ ಬಂದ, ಪಾಲಪಿಟ್ಟವೆಂದು ಸಾಬೀತು ಮಾಡಲಿಕ್ಕೆ. ಅದೇ ಗಿಡದ ಎದುರು ಸ್ಟ್ಯಾಂಡ್ ಹೂಡಿ ಕುಳಿತೆವು. ಬಿಸಿಲು ಏರಿತು. ಭಾವಮೈದುನ ಟವೆಲು ಹೊದ್ದು ಗೊರಕೆ ಹೊಡೆಯತೊಡಗಿದ. ಅಷ್ಟರಲ್ಲಿ ಹೆಂಡತಿ ನನ್ನ ಮೊಣಕೈ ಹಿಂಡಿದಳು.

"ಸುಮ್ಕ ಕುಂದ್ರಿ. ಬಂದದ."

ಬಂದಿತ್ತು. ಹಾಲಿನಂಥ ಮೈ, ಮಿರುಗುವ ಕರಿ ತಲೆ, ಮೇಲೊಂದು ಜುಟ್ಟು. ಬಾಲದಿಂದ ಎರಡು ಬಿಳಿ ರಿಬ್ಬನ್ನು ಜೋತು ಅಲ್ಲಾಡುತ್ತಿದ್ದವು. ಮೈಗಿಂತ ಬಾಲವೇ ಉದ್ದ. ಇಷ್ಟು ಚೆಂದದ್ದು ನಮ್ಮ ತಾಲೂಕಿನಲ್ಲಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅದು ಕುತ್ತಿಗೆ ಬಗ್ಗಿಸಿ ಎದೆಯ ಗರಿ ಕೆದರುತ್ತ ಕುಳಿತಿತ್ತು. ಫೋಕಸ್ ಹಿಡಿದೆ, ಬೆರಳು ಗುಂಡಿಯ ಮೇಲಿತ್ತು. ಆಗ ನನ್ನ ಬಾಯಿ ತನ್ನಷ್ಟಕ್ಕೇ ಹೇಳಿಬಿಟ್ಟಿತು:

"ಗದ್ದ ಸ್ವಲ್ಪ ಮ್ಯಾಲ ಮಾಡ್ರಿ."

ಹಕ್ಕಿ ಹಾರಿಹೋಯಿತು. ಫೋಟೋದಲ್ಲಿ ಖಾಲಿ ಟೊಂಗೆ ಅತ್ಯಂತ ಸ್ಪಷ್ಟವಾಗಿ ಬಂದಿತ್ತು.

ಹೆಂಡತಿ ಮುಖಕ್ಕೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದ್ದ ಭಾವಮೈದುನ, "ಎಲ್ಲದ, ಎಲ್ಲದ?" ಎಂದು ಆಕಾಶದಲ್ಲಿ ಹುಡುಕಿದ. ನನಗೆ ಅಳು ಬರುವಂತಾಗಿತ್ತು. ಆದರೆ ಅವಳು ಕಂಡದ್ದನ್ನು ಮರೆತಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತು ಮೊಬೈಲಿನಲ್ಲಿ ಜುಟ್ಟು, ಕರಿ ತಲೆ, ಎರಡೆಳೆ ಬಾಲ ಎಂದು ಒಂದೊಂದಾಗಿ ಹಾಕಿ ಹುಡುಕಿದಳು. ಬಂದ ಚಿತ್ರ ನೋಡಿ ನಾವಿಬ್ಬರೂ ಒಟ್ಟಿಗೆ, "ಇದೇ," ಎಂದೆವು. ಕೆಳಗೆ ರಾಜಹಕ್ಕಿ ಎಂದು ಬರೆದಿತ್ತು. ಗಂಡಿಗೆ ಮಾತ್ರ ಆ ಬಾಲವಂತೆ, ಹುಳ ನೊಣ ಹಿಡಿದು ತಿನ್ನುತ್ತದಂತೆ.

"ಇಷ್ಟು ದೊಡ್ಡ ರಾಜ, ಊಟಕ್ಕ ನೊಣ," ಅಂದಳು ಹೆಂಡತಿ, ಮರುಕದಿಂದ.

ಈಗ ಅವಳ ಕೊರಳಲ್ಲೊಂದು ದುರ್ಬೀನು ಬಂದಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿ ಸ್ಕೂಟರ್ ತೆಗೆಸುತ್ತಾಳೆ. ಗಿಡದ ಹತ್ತಿರ ನನ್ನನ್ನು ಬಿಡುವುದಿಲ್ಲ. ದೂರದಲ್ಲಿ ಬುತ್ತಿಚೀಲ ಕಾಯುತ್ತ ಕೂರುತ್ತೇನೆ. ಅವಳು ಅಲ್ಲಿಂದಲೇ ಕೈ ಎತ್ತಿದರೆ ಹಕ್ಕಿ ಬಂತೆಂದು ಅರ್ಥ, ನಾನು ಕೆಮ್ಮಬಾರದು.